ಗಾಜಿನ ಹಿಂದಿನ ಬಿಸಿಲು

ರಸ್ತೆಯ ಮೇಲೆ ಹರವಿದ ಮೆಕ್ಕೆಜೋಳವನ್ನು ಕಾಲಿನಿಂದಲೇ ಆಡಿಸಬೇಕು. ಬರಿಗಾಲಲ್ಲಿ, ಪಾದ ಎತ್ತದೆ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆದರೆ ಹಿಂದೆ ಎರಡು ಸಾಲು ಬೀಳುತ್ತವೆ. ಅಡಿಯ ಕಾಳು ಮೇಲೆ ಬರುತ್ತದೆ, ಮೇಲಿನದು ಅಡಿಗೆ ಹೋಗುತ್ತದೆ. ಈಸೂರಿನ ಆಚೆಯ ನಮ್ಮ ಹಳ್ಳಿಯಲ್ಲಿ ಕಾರ್ತಿಕ ಬಂತೆಂದರೆ ಬಸ್ಸಿಗೆ ಅರ್ಧ ರಸ್ತೆ, ನಮಗೆ ಅರ್ಧ ರಸ್ತೆ. ಯಾರು ಆಡಿಸಿದ್ದೆಂದು ಸಾಲು ನೋಡಿಯೇ ಹೇಳಬಹುದು. ನಮ್ಮ ಯಜಮಾನರ ಸಾಲು ನೇಗಿಲು ಹೊಡೆದ ಹಾಗೆ ನೆಟ್ಟಗೆ. ನನ್ನದು ಹಾವು ಹರಿದ ಹಾಗೆ. ನನ್ನ ಎರಡು ಮೊಣಕಾಲುಗಳು ಮಾತು ಬಿಟ್ಟ ದಾಯಾದಿಗಳಂತೆ ಒಂದು ಆಚೆ, ಒಂದು ಈಚೆ ತಿರುಗಿಕೊಂಡು ಎಷ್ಟೋ ವರ್ಷವಾಯಿತು.

ಈ ಕಾಲಿನ ಸಂಗತಿಯನ್ನು ಮುಚ್ಚಿಡುವ ಹಾಗಿಲ್ಲ. ನನ್ನ ಮಗಳ ಅತ್ತೆ, ಸೊರಬದ ನಮ್ಮ ಬೀಗಿತ್ತಿ, ಅದನ್ನು ಆಗಲೇ ಊರಿಗೆಲ್ಲ ಹಂಚಿ ಮುಗಿಸಿದ್ದಾರೆ.

ಅವರದು ಸೊರಬದಲ್ಲಿ ಗಾಜಿನ ಅಂಗಡಿ. ಕಿಟಕಿ ಗಾಜು, ಕನ್ನಡಿ, ಅಲ್ಯೂಮಿನಿಯಂ ಚೌಕಟ್ಟು. ಅಂಗಡಿಯಲ್ಲಿ ಖರ್ಚಾಗದ್ದನ್ನೆಲ್ಲ ಮನೆಗೆ ಜಡಿಸಿಕೊಂಡಿದ್ದಾರೆಂದು ನನ್ನ ಅನುಮಾನ. ಮನೆಯ ಮುಂಭಾಗ ಪೂರ್ತಿ ಗಾಜು, ಅದೂ ಕರಿ ಛಾಯೆಯದು. ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ತಮ್ಮ ಮುಖವೇ ಕಾಣುತ್ತದೆ. ಹೋಗಿ ಬರುವ ಹೆಂಗಸರು ಅದರ ಮುಂದೆ ಒಂದು ಗಳಿಗೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಾರೆ. ಬೀಗಿತ್ತಿ ಒಳಗೆ ಕೂತು ಒಬ್ಬೊಬ್ಬರ ಕುಂದನ್ನೂ ಆರಿಸುತ್ತಾರೆ. ಅವರು ಹಾಲಿನಂತೆ ಬೆಳ್ಳಗಿದ್ದಾರೆ. ಅದು ಅವರು ಪಾಡುಪಟ್ಟು ಗಳಿಸಿದ್ದಲ್ಲ, ಹುಟ್ಟಿನಿಂದ ಬಂದದ್ದು. ಆದರೂ ದುಡಿದು ಕಟ್ಟಿದ ಮನೆಯನ್ನು ಕಾಯುವಂತೆ ಅದನ್ನು ಕಾಯುತ್ತಾರೆ. ಅಂಗಳದ ತುಳಸಿಗೆ ನೀರು ಹಾಕಲು ಹೊರಟರೂ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಕೊಡೆ.

ಮಗಳು ಬಸುರಿಯಾದಾಗಲೇ ಕಾವಲು ಶುರುವಾಯಿತು. ಬಸುರಿ ಬಿಸಿಲಿಗೆ ಹೋದರೆ ಮಗು ಕಪ್ಪಾಗುತ್ತದಂತೆ. ಹೊಟ್ಟೆಯೊಳಗಿನ ಮಗುವಿಗೆ ಬಿಸಿಲು ಯಾವ ಸಂದಿಯಿಂದ ತಾಕುತ್ತದೆಂದು ಕೇಳಬೇಕೆನಿಸಿತು. ಹೆಣ್ಣು ಕೊಟ್ಟವಳು, ತಲೆಯಾಡಿಸಿ ಬಂದೆ. ದಿನಕ್ಕೊಂದು ಲೋಟ ಕೇಸರಿ ಹಾಲು, ಗಾಜಿನ ಹಿಂದೆ ಕುರ್ಚಿ, ಕಾಲಡಿಗೆ ಮಣೆ. ಹೊಲದಲ್ಲಿ ಓಡಾಡಿ ಬೆಳೆದ ನನ್ನ ಮಗಳು ಮಾರಾಟದ ಬೊಂಬೆಯಂತೆ ಕೂತುಬಿಟ್ಟಳು.

ಮೊದಲ ಬಾಣಂತನ ತವರಿನದು. ಆದರೆ ಅವಳಿಗೆ ದಿನ ತುಂಬಿದ ಬೇಸಿಗೆಯಲ್ಲೇ ನಮ್ಮ ಯಜಮಾನರು ಹಳೆ ಹೆಂಚು ಇಳಿಸಿ ಸ್ಲ್ಯಾಬ್ ಹಾಕಿಸಲು ಹೊರಟಿದ್ದರು. ಗೋಡೆ ಇತ್ತು, ಸೂರು ಇರಲಿಲ್ಲ.

"ಆಕಾಶ ಕಾಣೋ ಮನೆಗೆ ಬಾಣಂತಿ ಕಳಿಸ್ತಾರಾ ಯಾರಾದ್ರೂ? ಎಲ್ಲಾ ಇಲ್ಲೇ ಆಗ್ಲಿ ಬಿಡಿ" ಎಂದರು ಬೀಗಿತ್ತಿ.

ಅವರು ಆಡಿದ ಮಾತುಗಳಲ್ಲಿ ಸರಿಯಾದದ್ದು ಅದೊಂದು ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅದೂ ಸರಿಯಿರಲಿಲ್ಲ. ಆಕಾಶ ಕಾಣುವ ಮನೆಯಲ್ಲಿ ಕೂಸು ನಾಲ್ಕು ದಿನ ಮಲಗಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಹೆಣ್ಣು ಕೂಸು ಹುಟ್ಟಿತು. ನನಗಾದ ಹಿಗ್ಗನ್ನು ಹೇಗೆ ಬರೆಯಲಿ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಷ್ಟು ದೊಡ್ಡ ಮಾತು ನನ್ನ ಹತ್ತಿರ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಬೆಲ್ಲ ಹಂಚಿಕೊಂಡು ಸೊರಬಕ್ಕೆ ಹೋದೆ. ಕೂಸಿನ ಮುಖ ನೋಡಬೇಕೆಂದರೆ ಕೋಣೆಯಲ್ಲಿ ಕಣ್ಣಿಗೆ ಕಣ್ಣು ಕಾಣದು. ಕಿಟಕಿಗೆ ಕಂಬಳಿ, ಬಾಗಿಲಿಗೆ ಪರದೆ, ಮಂಚದ ಕೆಳಗೆ ಕೆಂಡ, ಬಾಣಂತಿಯ ಕಿವಿಗೆ ಹತ್ತಿ. ಮೊಬೈಲಿನ ದೀಪ ಹಾಕಿಕೊಂಡು ನನ್ನ ಮೊಮ್ಮಗಳನ್ನು ಮೊದಲ ಸಲ ನೋಡಿದೆ. ಬಾಣಂತನ ಎಲ್ಲರೂ ಮಾಡುತ್ತಾರೆ, ಕತ್ತಲೆಯೂ ನಾಲ್ಕು ವಾರ ಇರಲಿ. ಇವರು ಮುಗಿಸಲೇ ಇಲ್ಲ. ಕಂಬಳಿ ತೆಗೆದರು, ಪರದೆ ಬಂತು. ಪರದೆ ಸರಿಸಿದರು, ಹಿಂದೆ ಕರಿ ಗಾಜು ಇದ್ದೇ ಇತ್ತು. ಆಮೇಲೆ ಮಳೆಗಾಲ. ಸೊರಬದ ಮಳೆಗಾಲದಲ್ಲಿ ಸೂರ್ಯನೇ ಕಂಬಳಿ ಹೊದೆಯುತ್ತಾನೆ, ಕೂಸಿನ ಮಾತೇನು.

ಕೂಸು ಬೆಳೆಯಿತು, ಬೆಳ್ಳಗೆ ಗುಂಡಗೆ. ಬೀಗಿತ್ತಿ ಅದರ ಒಂದೊಂದು ಲಕ್ಷಣಕ್ಕೂ ಒಂದೊಂದು ಭವಿಷ್ಯ ನುಡಿದರು. ಹಣೆ ಮುಂದೆ ಬಂತು. "ಭಾಗ್ಯದ ಹಣೆ. ನಮ್ಮತ್ತೆಗೂ ಹೀಗೇ ಇತ್ತು." ಮಣಿಕಟ್ಟು ದಪ್ಪವಾಗಿ ಕಪ್ಪು ಬಳೆ ಬಿಗಿಯಾಯಿತು. "ಕೈ ತುಂಬ ಚಿನ್ನ ಹಾಕೋ ಕೈ ಇದು." ಹಲ್ಲು ಬರಲು ತಡವಾಯಿತು. "ತಡವಾಗಿ ಬಂದ ಹಲ್ಲು ಗಟ್ಟಿ." ಮಲಗಿದರೆ ತಲೆ ಬೆವರಿ ದಿಂಬು ಒದ್ದೆಯಾಗುತ್ತಿತ್ತು. "ಉಷ್ಣದ ಮೈ, ರಾಜಯೋಗ." ನಾವು ಹೂಂಗುಟ್ಟಿದೆವು. ರಾಜಯೋಗ ಬೇಡವೆನ್ನಲು ಬಾಯಿ ಬರುತ್ತದೆಯೆ?

ವರ್ಷ ತುಂಬಿತು, ಕೇಕು ಕತ್ತರಿಸಿದ್ದಾಯಿತು. ಕೂಸು ನಿಲ್ಲಲಿಲ್ಲ. ಮಳೆ ಮತ್ತೆ ಬಂತು, ಬಂದು ಅರ್ಧ ಮುಗಿಯಿತು. ಓರಗೆಯ ಮಕ್ಕಳು ಬೀದಿಯಲ್ಲಿ ನಾಯಿ ಅಟ್ಟುತ್ತಿದ್ದವು. ನಮ್ಮದು ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದರೆ ಕಾಲು ನಡುಗಿಸಿ ಅತ್ತು ಕೂತುಬಿಡುತ್ತಿತ್ತು. ಎರಡು ಕಾಲೂ ಹೊರಕ್ಕೆ ಬಾಗಿ, ಮಧ್ಯೆ ಒಂದು ಚೆಂಬು ತೂರಿಸಬಹುದಿತ್ತು. ರಾಜಯೋಗದ ಹಣೆ, ಚಿನ್ನದ ಕೈ ಎಲ್ಲ ಅವರ ವಂಶದಿಂದ ಬಂದಿದ್ದವು. ಈ ಕಾಲು ಎಲ್ಲಿಂದ ಬಂತು?

"ಇದು ತವರು ಮನೆ ಕಾಲು. ಅಜ್ಜೀದು ನೋಡಿಲ್ವಾ? ಅದೇ ಅಚ್ಚು" ಎಂದರಂತೆ ಬೀಗಿತ್ತಿ, ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಕೂತು.

ಮಗಳು ಫೋನಿನಲ್ಲಿ ಅತ್ತಳು. "ಅವ್ವಾ, ಇನ್ನೊಂದು ಮಗು ಆದ್ರೂ ಹಿಂಗೇ ಆಗ್ತದೇನೋ ಅಂತ ಅತ್ತೆ ಇವರ ಹತ್ರ ಹೇಳ್ತಿದ್ರು. ಇವರು ಸುಮ್ನೆ ಕೇಳಿಸ್ಕೊಂಡ್ರು." ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಡೀತಾಳಲ್ಲವ್ವ ನಮ್ಮ ಕೂಸು?"

ನನ್ನ ಕಾಲನ್ನು ಯಾರು ಎಷ್ಟು ಆಡಿಕೊಂಡರೂ ನಾನು ನಕ್ಕಿದ್ದೇನೆ. ಅಂದು ನಗು ಬರಲಿಲ್ಲ. ಇಡೀ ದಿನ ನನ್ನ ಕಾಲನ್ನೇ ನೋಡಿಕೊಂಡು ಕೂತೆ. ಅದೇ ಅಚ್ಚು ಇದ್ದರೂ ಇರಬಹುದೇ ಎನಿಸಿತು.

ಗಣಪತಿ ಬಿಟ್ಟ ಮಾರನೆಯ ದಿನ ಮಳೆ ಬಿಡುವು ಕೊಟ್ಟಿತು. ಬೆಳಗಿನ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ತೆರೆದ ಬಾಗಿಲಿಂದ ನೋಡಿದರೆ, ಗಾಜಿನ ಹಿಂದೆ ನೆಲಕ್ಕೆ ಹಾಸಿದ ಮೆತ್ತೆಯ ಮೇಲೆ ನನ್ನ ಮೊಮ್ಮಗಳನ್ನು ಕೂರಿಸಿದ್ದರು. ಉಲ್ಲನ್ ಟೋಪಿ, ಸ್ವೆಟರು, ಕಾಲಿಗೆ ಚೀಲ, ಮುಖಕ್ಕೆ ಪೌಡರು. ಕಂಡ ಚರ್ಮವೆಂದರೆ ಮೂಗಿನ ತುದಿ.

"ಏನ್ರಿ ಬೀಗ್ರೆ, ಕೂಸಿನ್ನ ಶೋಕೇಸ್‌ನಾಗ ಇಟ್ಟೀರಿ. ಮಾರಾಕೇನು?" ಎಂದೆ ಚಪ್ಪಲಿ ಬಿಡುತ್ತಲೇ.

"ಎಳೆ ಬಿಸಿಲು ಕಾಯಿಸ್ತಿದೀನಿ ಮಾರಾಯ್ರೇ. ಎಳೆ ಬಿಸಿಲು ಮೂಳೆಗೆ ಒಳ್ಳೇದಂತೆ, ಎಲ್ಲರೂ ಹೇಳ್ತಾರೆ. ಹೊರಗಾದ್ರೆ ಗಾಳಿ, ಧೂಳು, ಕಂಡೋರ ಕಣ್ಣು. ಇಲ್ಲಾದ್ರೆ ಬಿಸಿಲೊಂದೇ ಒಳಗೆ ಬರ್ತದೆ."

"ಬಿಸಿಲಿಗೂ ಜರಡಿ ಹಿಡಿದೀರಿ ಅನ್ರಿ."

"ನಿಮ್ಮ ಹಾಗೆ ಹೊಲದಲ್ಲಿ ಬಿಟ್ಟು ಬೆಳೆಸೋಕೆ ಆಗ್ತದಾ? ಹೆಣ್ಣು ಮಗು. ನಾಳೆ ನೋಡೋಕೆ ಬಂದೋರು ಮೊದಲು ಬಣ್ಣ ನೋಡ್ತಾರೆ."

"ನೋಡಾಕ ಬಂದೋರ ಮುಂದ ಎದ್ದು ನಡಕೊಂತ ಬರಬೇಕಲ್ರಿ, ಅದಕ್ಕ ಏನ್ ಮಾಡೀರಿ?"

ಬೀಗಿತ್ತಿ ಟೋಪಿಯ ದಾರ ಬಿಗಿ ಮಾಡಿದರು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅಳಿಯನನ್ನು ಅಂಗಡಿಯಿಂದ ಕರೆಸಿದೆ. "ನನ್ನ ಕಾಲೋ, ನಿಮ್ಮವ್ವನ ಕಾಲೋ, ಡಾಕ್ಟರು ಹೇಳ್ಲಿ. ನಡೀರಿ ಶಿಕಾರಿಪುರಕ್ಕ" ಎಂದೆ. ಸೊರಬದಲ್ಲೇ ತೋರಿಸೋಣ ಎಂದು ಬೀಗಿತ್ತಿ ಎಳೆದರು. ಪರಿಚಯದವರು ನೋಡುತ್ತಾರೆಂದು ಮರುಕ್ಷಣವೇ ತಾವಾಗಿ ಬಿಟ್ಟರು. ನಾನೊಬ್ಬಳೇ ಹೋದರೆ ಡಾಕ್ಟರ ಕಿವಿ ಊದುತ್ತೇನೆಂದು ತಾವೂ ಕಾರು ಹತ್ತಿದರು, ಕೊಡೆ ಸಮೇತ.

ಶಿಕಾರಿಪುರದ ಮಕ್ಕಳ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಈರುಳ್ಳಿ ಸುಲಿದ ಹಾಗೆ ಟೋಪಿ, ಸ್ವೆಟರು, ಕಾಲುಚೀಲ ಒಂದೊಂದಾಗಿ ಸುಲಿದು ಕೂಸನ್ನು ಹೊರಗೆ ತೆಗೆದರು. ಹಣೆ ಮುಟ್ಟಿದರು, ಮಣಿಕಟ್ಟು ಹಿಡಿದರು, ಕಾಲು ಜೋಡಿಸಿ ನೋಡಿದರು.

"ಮಗೂನ ಬಿಸಿಲಿಗೆ ಬಿಡ್ತೀರಾ?"

"ದಿನಾ ಮೇಡಂ, ತಪ್ಪಿಸಲ್ಲ" ಎಂದರು ಬೀಗಿತ್ತಿ.

"ಎಲ್ಲಿ? ಅಂಗಳದಲ್ಲಾ?"

"ಇಲ್ಲಪ್ಪ, ಒಳಗೇ. ನಮ್ಮನೆ ಮುಂದೆ ದೊಡ್ಡ ಗಾಜಿದೆ, ಅದರ ಹಿಂದೆ. ಸೂರ್ಯ ಹುಟ್ಟೋ ಹೊತ್ತಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮ, ಗಾಜಿನೊಳಗಿಂದ ಬೆಳಕು ಬರ್ತದೆ, ಬಿಸಿ ಬರ್ತದೆ. ಮೂಳೆಗೆ ಬೇಕಾದ ಕಿರಣ ಇದ್ಯಲ್ಲ, ಅದು ಗಾಜಿನ ಆಚೆನೇ ನಿಂತುಬಿಡ್ತದೆ. ಅಷ್ಟು ಬೆಳಿಗ್ಗೆ ಹೊರಗಿದ್ರೂ ಆ ಕಿರಣ ತೀರಾ ಕಡಿಮೆ."

ನಮ್ಮ ಅಳಿಯ ಕುರ್ಚಿ ಮುಂದೆಳೆದ. ಹೆಂಡತಿಯ ಕಣ್ಣೀರಿಗೆ ಬಾರದ ಮಾತು ಸರಕಿನ ಹೆಸರು ಕೆಟ್ಟಾಗ ಬಂತು. "ನಮ್ಮದು ಫಸ್ಟ್ ಕ್ವಾಲಿಟಿ ಗಾಜು ಮೇಡಂ. ಬೆಂಗಳೂರಿಂದ ತರಿಸ್ತೀವಿ."

"ಒಳ್ಳೇ ಗಾಜೇ ಇರಬಹುದು ಸರ್. ಅದಕ್ಕೇ ತಡೆಯುತ್ತೆ."

ಎಕ್ಸ್‌ರೇ ಆಯಿತು. ಕೂಸಿನ ರಕ್ತ ತೆಗೆದರು, ಎದೆಹಾಲು ಕುಡಿಸುವ ತಾಯಿಯದೂ ಬೇಕೆಂದರು. ಬೀಗಿತ್ತಿ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೆ ಮಣಿಕಟ್ಟು ಮುರಿದುಕೊಂಡಿದ್ದರು. ಅದನ್ನು ಕೇಳಿ ಡಾಕ್ಟರಮ್ಮ, "ನೀವೂ ಒಮ್ಮೆ ಮಾಡಿಸಿಬಿಡಿ" ಎಂದರು. ನನಗೆ ಯಾರೂ ಹೇಳಿರಲಿಲ್ಲ. ನಾನೇ ತೋಳು ಏರಿಸಿಕೊಂಡು ಮುಂದೆ ಹೋದೆ.

"ನಂದೂ ನೋಡ್ರಿ ತಾಯಿ. ಐವತ್ತು ವರ್ಷ ಹೊಲದಾಗ ಸುಟ್ಟ ಮೈ ಇದು. ಬಿಸಿಲು ಅಂದ್ರ ಎಷ್ಟಿರ್ತೈತಿ ಅಂತ ಗಾಜಿನ ಮನೀಯೋರು ತಿಳಕೊಳ್ಳಲಿ."

ಮೂರನೆಯ ದಿನಕ್ಕೆ ಫಲಿತಾಂಶ ಬಂತು. ಮತ್ತೆ ಎಲ್ಲರೂ ಸಾಲಾಗಿ ಕೂತೆವು. ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದರು. ಕೂಸಿನ ಮೂಳೆಯ ತುದಿಗಳು ತೊಳೆದಿಟ್ಟ ಬಟ್ಟಲಿನ ಅಂಚಿನಂತಿರಬೇಕಾಗಿತ್ತಂತೆ. ಇಲಿ ಕಡಿದ ರೊಟ್ಟಿಯಂತಿದ್ದವು.

"ಇದು ಯಾರ ಕಡೆ ಕಾಲೂ ಅಲ್ಲ. ವಿಟಮಿನ್ ಡಿ ಇಲ್ಲದೆ ಮೂಳೆ ಮೆತ್ತಗಾಗಿದೆ, ಭಾರಕ್ಕೆ ಬಾಗಿದೆ. ಹಣೆ, ಮಣಿಕಟ್ಟು, ಹಲ್ಲು, ಎಲ್ಲಾ ಇದರದ್ದೇ. ತಾಯಿಗೇ ಇಲ್ಲ, ಮಗುವಿಗೆ ಎಲ್ಲಿಂದ ಬರಬೇಕು?"

ಭಾಗ್ಯದ ಹಣೆ, ಚಿನ್ನದ ಕೈ, ರಾಜಯೋಗ, ಎಲ್ಲ ಒಂದೇ ಉಸಿರಿನಲ್ಲಿ ಕಾಯಿಲೆಯಾಗಿಬಿಟ್ಟವು. ನಾನು ಬೀಗಿತ್ತಿಯ ಮುಖ ನೋಡಿದೆ. ಸುಮ್ಮನೆ ನೋಡಿದೆನೆಂದರೆ ಸುಳ್ಳಾಗುತ್ತದೆ, ಸವಿದು ನೋಡಿದೆ. ಮಗಳ ಕಣ್ಣಲ್ಲಿ ನೀರಿತ್ತು. "ನಡೀತಾಳಾ ಮೇಡಂ?" ಎಂದಳು.

"ನಡೀತಾಳೆ. ಔಷಧ ಹೇಳಿದ ಹಾಗೆ ಕೊಡಿ. ಚಿಕ್ಕ ವಯಸ್ಸು, ಕಾಲೂ ಬೆಳೀತಾ ಬೆಳೀತಾ ನೆಟ್ಟಗಾಗೋ ಸಾಧ್ಯತೆನೇ ಹೆಚ್ಚು. ಆಗಾಗ ತಂದು ತೋರಿಸ್ತಿರಿ."

ಅದನ್ನು ಕೇಳಿ ನಾನು ಎದ್ದು ನಿಂತುಬಿಟ್ಟೆ. ಡಾಕ್ಟರಮ್ಮ ಕೂರಿಸಿದರು. "ಅಜ್ಜಿ, ಇನ್ನೂ ಎರಡು ರಿಪೋರ್ಟಿದೆ. ಇವರಿಗೂ ಕಡಿಮೆ" ಎಂದು ಬೀಗಿತ್ತಿಯ ಕಡೆ ತೋರಿಸಿದರು. ಅದು ನನಗೆ ಗೊತ್ತಿದ್ದದ್ದೇ. "ನಿಮಗೂ ಕಡಿಮೆ."

"ನನಗ?" ಎಂದೆ. "ಬ್ಯಾರೆ ಯಾರದೋ ಇರಬೇಕು, ಸರಿಯಾಗಿ ನೋಡ್ರಿ."

"ನಿಮ್ಮದೇ. ಹೊಲಕ್ಕೆ ಹೋಗುವಾಗ ಏನು ಹಾಕ್ಕೊಂಡು ಹೋಗ್ತೀರಾ?"

ಹೇಳಿದೆ. ಮೆಕ್ಕೆಜೋಳದ ಎಲೆ ಮೈಯನ್ನೆಲ್ಲ ಗೀರುತ್ತದೆ. ಅದಕ್ಕೆ ಸೀರೆಯ ಮೇಲೆ ಯಜಮಾನರ ಹಳೆಯ ತುಂಬುತೋಳಿನ ಅಂಗಿ, ಗುಂಡಿ ಕತ್ತಿನವರೆಗೆ. ತಲೆಗೆ ಟವೆಲು, ಅದರ ಒಂದು ಸುತ್ತು ಮೂಗು ಬಾಯಿಗೆ. ನಮ್ಮ ಕಡೆ ಕಳೆಗೆ ಹೋಗುವ ಹೆಂಗಸರೆಲ್ಲ ಹೀಗೇ.

"ಬಿಸಿಲಲ್ಲಿ ಇದ್ದಿದ್ದು ನಿಮ್ಮ ಅಂಗಿ ಅಜ್ಜಿ, ನೀವಲ್ಲ. ಜೊತೆಗೆ ವಯಸ್ಸಾದ ಚರ್ಮ ಮೊದಲಿನ ಹಾಗೆ ವಿಟಮಿನ್ ಮಾಡ್ಕೊಳ್ಳಲ್ಲ. ಮೊಣಕಾಲು ಸವೆದಿರೋದು ಮಾತ್ರ ಬೇರೆ ಲೆಕ್ಕ."

ಬೀಗಿತ್ತಿ ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ನಿಧಾನವಾಗಿ ತಲೆ ಎತ್ತಿದರು. ಅಷ್ಟು ಬೆಳಗಿದ ಮುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ನಿಮ್ಮ ಹೊಲಕ್ಕೂ ಗಾಜು ಹಾಕಿಸಿದೀರಾ ಬೀಗ್ರೇ? ನಮಗೊಂದು ಮಾತು ಹೇಳಿದ್ರೆ ಕಡಿಮೆಗೆ ಹಾಕಿಸಿ ಕೊಡ್ತಿದ್ವಿ."

ಅಳಿಯ ಕೆಮ್ಮಿದ. ಮಗಳು ಸೆರಗು ಕಚ್ಚಿಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕ ನಗು. ಅದಕ್ಕಾಗಿ ಆ ಏಟನ್ನು ನುಂಗಿಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಬರಿಮೈಯಲ್ಲಿ ದುಡಿಯುವ ನಮ್ಮ ಯಜಮಾನರೊಬ್ಬರೇ ಪರೀಕ್ಷೆಗೆ ಕೂರಲಿಲ್ಲ. ಅವರು ಪಾಸಾದರೆ ಮನೆಯಲ್ಲಿ ಅವರನ್ನು ಹಿಡಿಯುವವರು ಯಾರೆಂದು ನಾನೂ ಒತ್ತಾಯಿಸಲಿಲ್ಲ.

ಕೂಸಿಗೆ ಹನಿ ಔಷಧ, ಸುಣ್ಣದ ಅಂಶದ ಸಿರಪ್ಪು. ಮಗಳಿಗೆ, ಬೀಗಿತ್ತಿಗೆ, ನನಗೆ ವಾರಕ್ಕೊಮ್ಮೆ ಹಾಲಿಗೆ ಕಲಸುವ ಪುಡಿ. ಆಕಾಶದಲ್ಲಿ ಸೂರ್ಯನನ್ನು ಸುಮ್ಮನೆ ಬಿಟ್ಟು ಮೆಡಿಕಲ್ ಶಾಪಿನಲ್ಲಿ ಬಿಸಿಲಿನ ಪೊಟ್ಟಣ ಕೊಂಡುಕೊಂಡು ಹೊರಗೆ ಬಂದೆವು. ಹೊರಗೆ ಬಿಸಿಲು ರಣರಣ ಎನ್ನುತ್ತಿತ್ತು. ಬೀಗಿತ್ತಿ ಕೊಡೆ ಬಿಚ್ಚಿದರು, ನಾನು ತಲೆಗೆ ಟವೆಲು ಸುತ್ತಿದೆ. ಕಾರಿಗೆ ನಡೆದೆವು.

ಕಾರಿನಲ್ಲೇ ಮುಂದಿನ ಗಲಾಟೆ. "ಈ ಔಷಧ ಭಾರೀ ಉಷ್ಣ ಅಂತೆ. ಮಗುವಿಗೆ ಅರ್ಧ ಕೊಟ್ರೆ ಸಾಕು, ಮೊದಲೇ ತಲೆ ಬೆವರ್ತದೆ" ಎಂದರು ಬೀಗಿತ್ತಿ. ಶೀತವೆಂದು ಸ್ವೆಟರು, ಉಷ್ಣವೆಂದು ಅರ್ಧ ಔಷಧ. ಕೂಸಿನ ಮೈಯಲ್ಲಿ ಎರಡೂ ಪಕ್ಷಗಳು ಒಟ್ಟಿಗೆ ಸರ್ಕಾರ ನಡೆಸುತ್ತಿದ್ದವು.

"ಕಡಿಮೆನೂ ಕೊಡಬಾರದು, ಜಾಸ್ತಿನೂ ಕೊಡಬಾರದು ಅಂದಾರ ಡಾಕ್ಟರು" ಎಂದೆ. "ಕೂಸನ್ನೂ ತಾಯಿನ್ನೂ ನಾನು ಕರಕೊಂಡು ಹೋಗ್ತೀನಿ. ಮೊದಲ ಬಾಣಂತನ ನಂದು, ಇನ್ನೂ ಬಾಕಿ ಐತಿ. ಸೂರೂ ಆಗೈತಿ, ಬೇಕಾದ್ರ ಬಂದು ನೋಡ್ರಿ."

ಬೀಗಿತ್ತಿ ತಾಯಿಯನ್ನೂ ಕೂಸನ್ನೂ ಕಳಿಸಿಕೊಟ್ಟರು. ಸಂಪ್ರದಾಯ ಹೇಳಿದರೆ ಅವರು ಕಟ್ಟುಬೀಳುತ್ತಾರೆ.

ಹನಿ ಔಷಧದ ಹೊಣೆ ಮಗಳದು. ಓದಿದವಳು, ಗೆರೆ ನೋಡಿ ಹಾಕುತ್ತಾಳೆ. ಬಿಸಿಲಿನ ಹೊಣೆ ನನ್ನದು. ಹೊತ್ತು ಸ್ವಲ್ಪ ಏರಿದ ಮೇಲೆ, ಡಾಕ್ಟರಮ್ಮ ಹೇಳಿದಷ್ಟೇ ಹೊತ್ತು, ಕೈಕಾಲು ಬಿಟ್ಟು ಅಂಗಳದಲ್ಲಿ. ಬೀದಿಯ ಹೆಂಗಸರು ನಿಂತು ನೋಡಿದರು.

"ಏನ್ ಬೇ ಇದು, ಬೆಣ್ಣಿಯಂಥ ಕೂಸಿನ್ನ ತಂದು ಬಿಸಿಲಿಗಿಟ್ಟೀಯಲ್ಲ!"

"ಸಂಡಿಗಿ ಇಡ್ತೀವಿ, ಹಪ್ಪಳ ಇಡ್ತೀವಿ, ಮೆಣಸಿನಕಾಯಿ ಹರವ್ತೀವಿ, ಹಾಸಿಗಿನೂ ಹಾಕ್ತೀವಿ. ಕೂಸಿಂದೇನು ತಪ್ಪೇ?" ಎಂದೆ.

ಹೇಳಿದ ಮೇಲೆ ನನಗೇ ವಿಚಿತ್ರವೆನಿಸಿತು. ಈ ಸೀಮೆಯಲ್ಲಿ ಬಿಸಿಲು ಕಾಣದ ವಸ್ತುವಿಲ್ಲ; ಮನುಷ್ಯರನ್ನು ಮಾತ್ರ ಬೂಷ್ಟು ಹಿಡಿಸಿ ಇಡುತ್ತೇವೆ. ಅಂದಿನಿಂದ ಅಂಗಳದಲ್ಲಿದ್ದಷ್ಟು ಹೊತ್ತು ನಾನೂ ಯಜಮಾನರ ಅಂಗಿ ಕಳಚಿ ತೋಳು ಚಾಚಿಕೊಂಡು ಕೂರತೊಡಗಿದೆ. ಯಜಮಾನರು, "ನನ್ನ ಅಂಗಿ ಇಷ್ಟು ದಿನಕ್ಕ ವಾಪಸ್ ಬಂತು" ಎಂದರು.

ದೀಪಾವಳಿ ಕಳೆಯುವಷ್ಟರಲ್ಲಿ ಕೂಸು ಕಂಬ ಹಿಡಿದು ನಿಂತಿತು. ಅಳಲಿಲ್ಲ. ಆಮೇಲೆ ಮೆಕ್ಕೆಜೋಳದ ಚೀಲ ಹಿಡಿದು ಅದರ ಸುತ್ತ ಒಂದೊಂದೇ ಹೆಜ್ಜೆ ಸರಿಯಿತು. ಕೈ ಬಿಡು ಎಂದರೆ ಮಾತ್ರ ಕೂತುಬಿಡುತ್ತಿತ್ತು. ಹತ್ತಿರ ಕೂತು ಚಪ್ಪಾಳೆ ತಟ್ಟಿದೆ, ಬೆಲ್ಲ ತೋರಿಸಿದೆ, ಕುಣಿದೆ. ಈ ಮೊಣಕಾಲಿನಲ್ಲಿ ಕುಣಿಯುವುದೆಂದರೆ ಸಾಮಾನ್ಯವೆ? ನಕ್ಕಿತೇ ಹೊರತು ಬರಲಿಲ್ಲ. ಮಗಳು ರಾತ್ರಿ ಊಟ ಬಿಟ್ಟು, ಮಲಗಿದ ಕೂಸಿನ ಕಾಲು ಜೋಡಿಸಿ ಜೋಡಿಸಿ ನೋಡುತ್ತಿದ್ದಳು.

ಬೀಗಿತ್ತಿ ಹೇಳದೆ ಕೇಳದೆ ಬಂದದ್ದು ಕಾರ್ತಿಕದ ಒಂದು ಮಧ್ಯಾಹ್ನ. ನಾನು ರಸ್ತೆಯಲ್ಲಿ ಕಾಳು ಆಡಿಸುತ್ತಿದ್ದೆ. ಕೂಸು ಬರಿಗಾಲಲ್ಲಿ ಅಂಚಿನ ಚೀಲ ಹಿಡಿದು ನಿಂತಿತ್ತು, ಮಗಳು ಪಕ್ಕದಲ್ಲೇ ಜರಡಿ ಹಿಡಿದಿದ್ದಳು. ಬಸ್ಸಿನಿಂದ ಇಳಿದ ಬೀಗಿತ್ತಿ ಕಾಳಿನ ಆಚೆ ದಡದಲ್ಲಿ ಕೊಡೆ ಬಿಚ್ಚಿ ನಿಂತರು. ಚೀಲ ಹಿಡಿದವಳನ್ನು ನೋಡಿದರು, ಮತ್ತೆ ನೋಡಿದರು.

"ನಮ್ಮ ಮಗು ಎಲ್ರೀ?"

"ಅದೇ ಅಲ್ರಿ ನಿಂತಿರೋದು."

"ಅಯ್ಯೋ ಶಿವನೇ! ಇಷ್ಟು ಕಪ್ಪು ಮಾಡಿಟ್ಟಿದೀರಲ್ಲ ಬೀಗ್ರೇ, ಹೆಂಚಿನ ಮೇಲೆ ಹುರಿದ ಹಾಗೆ! ನಾನು ಅಲ್ಲಿ ಎಲ್ಲರಿಗೂ ಏನು ಹೇಳಲಿ?"

ದನಿ ಗುರುತು ಸಿಕ್ಕಿತೋ, ಕೊಡೆ ಸಿಕ್ಕಿತೋ, ಅವರ ಇನ್ನೊಂದು ಕೈಯ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತೋ ಕಾಣೆ. ಕೂಸು ಚೀಲ ಬಿಟ್ಟಿತು. ಒಂದು ಸಲ ತೂಗಾಡಿತು. ಮಗಳು ಜರಡಿ ಎಸೆದು ಎದ್ದಳು. ನಾನು ಕೈ ಅಡ್ಡ ಹಿಡಿದು ತಡೆದೆ. ಕೂಸು ನಮ್ಮಿಬ್ಬರ ಕಡೆ ತಿರುಗಿಯೂ ನೋಡದೆ ಕಾಳಿನೊಳಗೆ ಕಾಲಿಟ್ಟಿತು. ಎತ್ತಲು ಬಾರದ ಪಾದಗಳನ್ನು ಎಳೆದುಕೊಂಡು, ಎರಡೂ ಕೈ ಮೇಲೆತ್ತಿಕೊಂಡು, ನಮ್ಮ ಪಾಲಿನ ಅರ್ಧ ರಸ್ತೆಯನ್ನು ದಾಟಿ ಹೋಗಿ ಬೀಗಿತ್ತಿಯ ಸೀರೆ ಹಿಡಿದುಕೊಂಡಿತು.

ಹನಿ ಲೆಕ್ಕ ಹಾಕಿದವಳು ಅವಳ ತಾಯಿ. ಕುಣಿದವಳು ನಾನು. ಹೋದದ್ದು ಯಾರ ಹತ್ತಿರ ನೋಡಿ!

ಕೊಡೆ ರಸ್ತೆಗೆ ಬಿದ್ದು ಗಾಳಿಗೆ ಉರುಳಿತು. ಬೀಗಿತ್ತಿ ಹಿಡಿಯಲಿಲ್ಲ. ಆ ನಡುಹಗಲ ಬಿಸಿಲಿನಲ್ಲಿ, ಬರಿತಲೆಯಲ್ಲಿ, ಕಾಳಿನ ಅಂಚಿಗೆ ಕುಕ್ಕರಿಸಿ ಕೂಸನ್ನು ತಬ್ಬಿಕೊಂಡು ಅತ್ತುಬಿಟ್ಟರು. ಅದರ ಕರಿ ಕೆನ್ನೆಗೆ ಮುತ್ತಿಟ್ಟರು, ಕಾಲು ಸವರಿದರು. ಆಮೇಲೆ ಮೂಗು ಒರೆಸಿಕೊಂಡು, ನನ್ನ ಕಡೆ ನೋಡಿ ಹೇಳಿದರು:

"ನೋಡಿದ್ರಾ ಬೀಗ್ರೇ ಹೆಜ್ಜೆ? ಕಾಲು ನಮ್ಮ ಕಡೇದೇ!"

ನಗದೆ ಏನು ಮಾಡುವುದು? ಮಗಳು ಅಳುತ್ತಿದ್ದಳು, ನಗುತ್ತಿದ್ದಳು. ನಾನು ಬಾಯಿ ತೆರೆದೆ, ಒಳ್ಳೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು, ಕಣ್ಣೀರಿನ ಜೊತೆ ಅದೂ ಒಳಗೆ ಇಳಿದುಹೋಯಿತು.

ಆ ಮಧ್ಯಾಹ್ನ ರಸ್ತೆಯ ಅಷ್ಟು ಜಾಗದಲ್ಲಿ ನಾನು ಕಾಳು ಆಡಿಸಲಿಲ್ಲ, ಯಜಮಾನರಿಗೂ ಬಿಡಲಿಲ್ಲ. ಅಡಿಯ ಕಾಳು ಒಣಗುವುದಿಲ್ಲವೆಂದು ಅವರು ಗೊಣಗಿದರು. ನಾಳೆ ಒಣಗಲಿ ಎಂದೆ. ಕಾಲು ಅವರ ಕಡೆಯದೇ ಇರಲಿ. ಈ ದಡದಿಂದ ಆ ದಡಕ್ಕೆ ಕಾಳಿನ ಮಧ್ಯೆ ಬಿದ್ದಿದ್ದ ಎರಡು ಪುಟ್ಟ ಸಾಲುಗಳು ಮಾತ್ರ ನನ್ನವು: ಹಾವು ಹರಿದ ಹಾಗಿದ್ದವು.